ಮಕ್ಕಳಿಗೆ ಮೊದಲು ಯಾವ ಚಿತ್ರಕಾರರ ಬದುಕು ಓದಿಸೋಣ?

ಏಪ್ರಿಲ್ ಬಂತೆಂದರೆ ಕಲಬುರಗಿಯಲ್ಲಿ ಬೆಳಗ್ಗೆ ಹತ್ತು ಗಂಟೆಯ ಮೇಲೆ ಮಕ್ಕಳನ್ನು ಹೊರಗೆ ಬಿಡುವಂತಿಲ್ಲ. ಶಾಲೆಗೆ ರಜೆ, ಹೊರಗೆ ಉರಿಬಿಸಿಲು, ಕೈಯಲ್ಲಿ ಮೊಬೈಲ್. ಈ ದಿನಗಳಲ್ಲಿ ತಂದೆತಾಯಿಯರು, ಟೀಚರುಗಳು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಮಗು ಚಿತ್ರ ಚೆನ್ನಾಗಿ ಬರೆಯುತ್ತದೆ, ದೊಡ್ಡ ಚಿತ್ರಕಾರರ ಬಗ್ಗೆ ಏನಾದರೂ ಓದಿಸಬೇಕು, ಯಾರಿಂದ ಶುರು ಮಾಡೋಣ? ರವಿವರ್ಮನಿಂದಲೋ, ವ್ಯಾನ್ ಗೋನಿಂದಲೋ, ನಮ್ಮೂರಿನ ಎಸ್.ಎಂ. ಪಂಡಿತರಿಂದಲೋ?

ಎಲ್ಲ ಮಕ್ಕಳಿಗೂ ಹೊಂದುವ ಒಂದೇ ಹೆಸರಿಲ್ಲ. ಆದರೆ ಆಯ್ಕೆ ಮಾಡುವ ದಾರಿಯೊಂದಿದೆ. ಚಿತ್ರ ಮೊದಲು ಬರಬೇಕು, ಬದುಕು ಆಮೇಲೆ. ಮಗು ಒಂದು ಚಿತ್ರದ ಮುಂದೆ ನಿಂತು "ಇದನ್ನ ಯಾರು ಬರೆದಿದ್ದು?" ಎಂದು ಕೇಳಿದ ಮೇಲೆ ಜೀವನಚರಿತ್ರೆ ಕೊಟ್ಟರೆ ಅದು ಆಸೆಯಿಂದ ಓದುತ್ತದೆ. ಚಿತ್ರವನ್ನೇ ನೋಡದ ಮಗುವಿಗೆ ಹುಟ್ಟಿದ ಊರು, ಇಸವಿ, ಪ್ರಶಸ್ತಿಗಳ ಪಟ್ಟಿ ಕೊಟ್ಟರೆ ಅದೂ ಒಂದು ಪಾಠವಾಗಿ ಹೋಗುತ್ತದೆ, ಅಲ್ವಾ?

ಏನೇನು ನೋಡಿ ಆರಿಸಬೇಕು

ಮೊದಲನೆಯದು, ಆ ಚಿತ್ರಗಳು ನಿಮ್ಮ ಮಗುವಿನ ಕಣ್ಣಿಗೆ ಸಿಗುತ್ತವೆಯೇ ಎಂಬುದು. ಮನೆಯ ಗೋಡೆಯ ಮೇಲೋ, ಊರಿನಲ್ಲೋ, ಒಂದು ದಿನದ ಪ್ರಯಾಣದಲ್ಲೋ, ಕೊನೆಗೆ ದೊಡ್ಡ ಪರದೆಯಲ್ಲಾದರೂ ಸರಿ. ಅಂಗೈಯಗಲದ ಮೊಬೈಲಿನಲ್ಲಿ ನೋಡಿದ್ದನ್ನು ನಾನು ಅರ್ಧ ನೋಡಿದಂತೆ ಎಂದೇ ಲೆಕ್ಕ ಹಾಕುತ್ತೇನೆ.

ಎರಡನೆಯದು, ಆ ಬದುಕಿನಲ್ಲಿರುವ ಭಾರ. ಕೆಲವು ಚಿತ್ರಕಾರರ ಕಥೆಯಲ್ಲಿ ಕಾಯಿಲೆ, ಸಾಲ, ಸಾವು ದೊಡ್ಡದಾಗಿ ಬರುತ್ತವೆ. ಏಳು ವರ್ಷದ ಮಗುವಿಗೆ ಹೇಳುವಷ್ಟು ಬೇರೆ, ಹದಿನಾಲ್ಕರವರಿಗೆ ಹೇಳುವಷ್ಟು ಬೇರೆ. ಭಾರವಿದೆ ಎಂದು ಆ ಬದುಕನ್ನೇ ಬಿಟ್ಟುಬಿಡುವುದು ಬೇಡ. ಯಾವಾಗ ಎಷ್ಟು ಹೇಳಬೇಕು ಎಂದು ಮೊದಲೇ ಯೋಚಿಸಿಕೊಂಡರೆ ಸಾಕು.

ಮೂರನೆಯದು ಭಾಷೆ. ನಮ್ಮ ಭಾಗದ ಮಕ್ಕಳು ಮನೆಯಲ್ಲಿ ಕನ್ನಡ, ಓಣಿಯಲ್ಲಿ ಉರ್ದು ಅಥವಾ ಹಿಂದಿ, ಗಡಿಯ ಹಳ್ಳಿಗಳಲ್ಲಿ ಮರಾಠಿ, ತೆಲುಗು, ಶಾಲೆಯಲ್ಲಿ ಇಂಗ್ಲಿಷ್ ಹೀಗೆ ಓಡಾಡುತ್ತಾರೆ. ಮಗು ತಾನೇ ಓದಿಕೊಳ್ಳುತ್ತದೆಯೋ, ನೀವು ಕೂತು ಓದಿ ಹೇಳಬೇಕೋ ಎಂಬುದರ ಮೇಲೆ ಪುಸ್ತಕ ಬದಲಾಗುತ್ತದೆ.

ಕೊನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಓದಿ ಮುಗಿಸಿದ ಮೇಲೆ ಮಗುವಿನ ಕೈಗೆ ಏನು ಕೆಲಸ? ಚಿತ್ರಕಾರನ ಬದುಕು ಓದಿದ ಸಂಜೆಯೇ ಮಗು ಪೆನ್ಸಿಲ್ ಹಿಡಿಯುವಂತಿದ್ದರೆ ಆ ಪುಸ್ತಕ ಗೆದ್ದಂತೆ. ಹಣದ ಮಾತು ಇವೆಲ್ಲದರ ಹಿಂದೆ ಇದ್ದೇ ಇರುತ್ತದೆ. ಅದನ್ನು ಮುಂದೆ ಬೇರೆಯಾಗಿಯೇ ನೋಡೋಣ.

ರಾಜಾ ರವಿವರ್ಮ: ಕಥೆ ಇಷ್ಟಪಡುವ ಮಗುವಿಗೆ

ಆರರಿಂದ ಹತ್ತು ವರ್ಷದ ಮಗು, ಪುರಾಣದ ಕಥೆ ಎಂದರೆ ಕಿವಿ ನೆಟ್ಟಗೆ ಮಾಡುತ್ತದೆ ಎಂದಾದರೆ ಯೋಚನೆಯೇ ಬೇಡ, ರವಿವರ್ಮನಿಂದ ಶುರು ಮಾಡಿ. ಚಿತ್ರ ಹುಡುಕಿಕೊಂಡು ಹೋಗಬೇಕಿಲ್ಲ. ದೇವರ ಕೋಣೆಯ ಸರಸ್ವತಿ, ಲಕ್ಷ್ಮಿಯ ಫೋಟೋ ನೋಡಿ. ಶರಣಬಸವೇಶ್ವರ ಜಾತ್ರೆಯಲ್ಲಿ ದೇವರ ಫೋಟೋ ಮಾರುವ ಅಂಗಡಿಯ ಮುಂದೆ ನಿಲ್ಲಿ. ಅಲ್ಲಿರುವ ಎಷ್ಟೋ ಪಟಗಳು ರವಿವರ್ಮನ ಚಿತ್ರಗಳೇ, ಇಲ್ಲವೇ ಅವನ್ನು ನೋಡಿ ಮಾಡಿದವು.

ಬದುಕೂ ಮಕ್ಕಳಿಗೆ ಹೇಳಲು ಸಲೀಸು. 1848ರಲ್ಲಿ ಕೇರಳದ ಕಿಳಿಮಾನೂರಿನಲ್ಲಿ ಹುಟ್ಟಿದ. ಚಿಕ್ಕಂದಿನಲ್ಲಿ ಮನೆಯ ಗೋಡೆಗಳ ಮೇಲೆಲ್ಲ ಇದ್ದಿಲಿನಿಂದ ಗೀಚುತ್ತಿದ್ದ. ಬೈಯುವ ಬದಲು ಸೋದರಮಾವ ರಾಜರಾಜವರ್ಮ ಕೈಹಿಡಿದು ಕಲಿಸಿದರು. ಹದಿನಾಲ್ಕನೇ ವಯಸ್ಸಿಗೆ ತಿರುವನಂತಪುರದ ಅರಮನೆ ಸೇರಿದ. ಎಣ್ಣೆಬಣ್ಣ ಆಗ ನಮ್ಮಲ್ಲಿ ಹೊಸದು, ಕೂರಿಸಿಕೊಂಡು ಕಲಿಸುವವರು ಇರಲಿಲ್ಲ. ಥಿಯೋಡರ್ ಜೆನ್ಸನ್ ಎಂಬ ಯುರೋಪಿನ ಚಿತ್ರಕಾರ ಅರಮನೆಗೆ ಬಂದಾಗ ಆತ ಕೆಲಸ ಮಾಡುವುದನ್ನು ನೋಡಿ ನೋಡಿ, ಮತ್ತೆ ಮತ್ತೆ ತಾನೇ ಮಾಡಿ ಕಲಿತ. 1873ರಲ್ಲಿ ಅವನ ಚಿತ್ರಕ್ಕೆ ವಿಯೆನ್ನಾದ ಪ್ರದರ್ಶನದಲ್ಲಿ ಬಹುಮಾನ ಬಂತು. ನಮ್ಮ ಶಹಾಬಾದ್ ಕಲ್ಲಿನ ನೆಲದ ಮೇಲೆ ಬಳಪದಲ್ಲಿ ಗೀಚಿ ಬೈಸಿಕೊಳ್ಳುವ ಮಗುವಿಗೆ ಈ ಕಥೆ ಎಷ್ಟು ಹತ್ತಿರವಾಗುತ್ತದೆ ನೋಡಿ.

ಸ್ವಲ್ಪ ದೊಡ್ಡ ಮಕ್ಕಳಿಗೆ ಮುದ್ರಣದ ಕಥೆ ಹೇಳಲೇಬೇಕು. 1894ರಲ್ಲಿ ರವಿವರ್ಮ ಮುಂಬೈಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ಶುರು ಮಾಡಿದ. ಅಲ್ಲಿಯವರೆಗೆ ಎಣ್ಣೆಬಣ್ಣದ ದೊಡ್ಡ ಚಿತ್ರ ಅರಮನೆಯವರಿಗೆ, ಹಣವಂತರಿಗೆ ಮಾತ್ರ. ಅಚ್ಚಾದ ಮೇಲೆ ಅದೇ ದೇವರು ಬಡವರ ಮನೆಗೂ ಬಂತು. ವ್ಯಾಪಾರ ಮಾತ್ರ ಕೈಹಿಡಿಯಲಿಲ್ಲ. ಸಾಲವಾಯಿತು, ಲೋಣಾವಳದ ಹತ್ತಿರದ ಮಳವಳಿಗೆ ಸಾಗಿಸಿದ್ದ ಮುದ್ರಣಾಲಯವನ್ನು ಕೊನೆಗೆ ಒಬ್ಬ ಜರ್ಮನ್ ತಂತ್ರಜ್ಞನಿಗೆ ಮಾರಬೇಕಾಯಿತು. ತಮ್ಮ ಸಿ. ರಾಜರಾಜವರ್ಮನೂ ಚಿತ್ರಕಾರ. ಜೊತೆಗೇ ಊರೂರು ಸುತ್ತಿದ, ಚಿತ್ರಗಳಲ್ಲಿ ಕೈಜೋಡಿಸಿದ, ದಿನಚರಿ ಬರೆದಿಟ್ಟ. ಅಣ್ಣತಮ್ಮಂದಿರ ಈ ಭಾಗವನ್ನು ಬಿಟ್ಟ ಪುಸ್ತಕ ನನ್ನ ಮಟ್ಟಿಗೆ ಅರೆಬರೆ.

ಮೂಲ ಚಿತ್ರ ನೋಡಬೇಕೆಂದರೆ ಮೈಸೂರಿನ ಜಗನ್ಮೋಹನ ಅರಮನೆ ಇದೆ, ಆದರೆ ನಮಗೆ ದೂರ. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂ ಹತ್ತಿರ. ಅಲ್ಲೂ ರವಿವರ್ಮನ ಚಿತ್ರಗಳಿವೆ. ಶುಕ್ರವಾರ ಅದು ಮುಚ್ಚಿರುತ್ತದೆ, ನೆನಪಿರಲಿ.

ಇವನ ವಿಷಯದಲ್ಲಿ ಕೊರತೆ ಎಂದರೆ ಒಂದೇ. ಎಲ್ಲವೂ ಕಣ್ಣಿಗೆ ಎಷ್ಟು ಒಗ್ಗಿಹೋಗಿದೆ ಎಂದರೆ ಮಗುವಿಗೆ ಹೊಸದು ಅನ್ನಿಸುವುದಿಲ್ಲ. ಜೊತೆಗೆ ಹುಬ್ಬು, ಸೀರೆಯ ನೆರಿಗೆ, ಆಭರಣ ಹಾಗೇ ಬರಬೇಕು ಎಂದು ಹಟ ಹಿಡಿದು, ಬರದಿದ್ದಾಗ ಪೆನ್ಸಿಲ್ ಬಿಸಾಕುವ ಮಕ್ಕಳಿದ್ದಾರೆ. ಅಂಥವರಿಗೆ ಪೂರ್ತಿ ಚಿತ್ರ ನಕಲು ಮಾಡಲು ಹೇಳಬೇಡಿ. ಬರೀ ಒಂದು ಕೈ, ಒಂದು ವೀಣೆ, ಒಂದು ಹಂಸ ಸಾಕು.

ಎಸ್.ಎಂ. ಪಂಡಿತ್: ನಮ್ಮೂರಿನ ಮಗು ಏನಾಗಬಹುದು ಎಂದು ತೋರಿಸಲು

ಕಲಬುರಗಿಯ ಮಕ್ಕಳಿಗೆ ಪಂಡಿತ್ ರಂಗಮಂದಿರ ಗೊತ್ತು. ಶಾಲೆಯ ಗ್ಯಾದರಿಂಗ್, ನಾಟಕ, ಸನ್ಮಾನ ಎಲ್ಲವೂ ಅಲ್ಲೇ. ಆದರೆ ಆ ಪಂಡಿತರು ಯಾರೆಂದು ಕೇಳಿ ನೋಡಿ. ಬಹಳ ಮಕ್ಕಳಿಗೆ ಗೊತ್ತಿಲ್ಲ. ದೊಡ್ಡವರಲ್ಲೂ ಕೆಲವರು ಸಂಗೀತಗಾರರಿರಬೇಕು ಅನ್ನುತ್ತಾರೆ. ಇದು ನನಗೆ ತುಂಬ ಬೇಸರದ ವಿಷಯ. ಈ ಊರಿನಲ್ಲಿ 1916ರಲ್ಲಿ ಹುಟ್ಟಿದ ಒಬ್ಬ ಹುಡುಗ ಮುಂಬೈಗೆ ಹೋಗಿ, ದೇಶದ ಮನೆಮನೆಯ ಕ್ಯಾಲೆಂಡರಿಗೆ ದೇವರನ್ನು ಬರೆದುಕೊಟ್ಟ. ಅವನ ಊರಿನ ಮಕ್ಕಳಿಗೇ ಅದು ಗೊತ್ತಾಗಬೇಡವೇ?

ಪಂಡಿತರ ಬದುಕು ರವಿವರ್ಮನಿಗಿಂತ ಬೇರೆ ದಾರಿಯದು. ಅರಮನೆಯ ಆಸರೆ ಇರಲಿಲ್ಲ. ಮುಂಬೈಯಲ್ಲಿ ಕಲಿತು ಸಿನಿಮಾಕ್ಕೆ ಕೆಲಸ ಮಾಡಿದರು. ಹಾಲಿವುಡ್ ಸಿನಿಮಾಗಳ ಪ್ರಚಾರದ ಚಿತ್ರ, ಹಿಂದಿ ಸಿನಿಮಾಗಳ ಪೋಸ್ಟರ್, ಸಿನಿಮಾ ಪತ್ರಿಕೆಗೆ ಚಿತ್ರ, ಆಮೇಲೆ ಕ್ಯಾಲೆಂಡರ್ ಹೀಗೆ ಬೆಳೆದರು. ರವಿವರ್ಮನ ದೇವರು ಸಮಾಧಾನವಾಗಿ ನಿಂತಿರುತ್ತಾರೆ. ಪಂಡಿತರ ದೇವರಲ್ಲಿ ಮೈಕಟ್ಟು ಎದ್ದು ಕಾಣುತ್ತದೆ, ಬೆಳಕು ಒಂದೇ ಕಡೆಯಿಂದ ರಪ್ಪನೆ ಬೀಳುತ್ತದೆ, ಮೋಡ, ಗಾಳಿ, ಬಟ್ಟೆ ಎಲ್ಲ ಚಲಿಸುತ್ತವೆ. ಸಿನಿಮಾದ ಬೆಳಕು ದೇವರ ಪಟಕ್ಕೆ ಬಂದಿದ್ದು ಹೀಗೆ ಎಂದು ನನ್ನ ಅಭಿಪ್ರಾಯ. ಇಬ್ಬರ ಒಂದೊಂದು ಪ್ರಿಂಟ್ ಪಕ್ಕಪಕ್ಕ ಇಟ್ಟು "ಎಲ್ಲೆಲ್ಲಿ ಬೇರೆ ಇದೆ ಹೇಳು" ಅಂದರೆ ಎಂಟು ವರ್ಷದ ಮಗುವೂ ಕಂಡುಹಿಡಿಯುತ್ತದೆ. ಇಷ್ಟು ಒಳ್ಳೆಯ ಕಲಾಪಾಠ ಬೇರೆ ಇಲ್ಲ.

ತೊಂದರೆ ಇರುವುದು ಪುಸ್ತಕದಲ್ಲಿ. ಮಕ್ಕಳು ತಾವೇ ಓದಿಕೊಳ್ಳುವಂಥ ಚಿತ್ರಪುಸ್ತಕ ರವಿವರ್ಮನ ಬಗ್ಗೆ, ವ್ಯಾನ್ ಗೋನ ಬಗ್ಗೆ ಸಿಗುವಷ್ಟು ಸುಲಭವಾಗಿ ಪಂಡಿತರ ಬಗ್ಗೆ ಸಿಗುವುದಿಲ್ಲ. ನಮ್ಮ ನಾಡಿನ ಕಲಾವಿದರ ಬಗ್ಗೆ ಕರ್ನಾಟಕ ಲಲಿತಕಲಾ ಅಕಾಡೆಮಿ ಪುಸ್ತಕಗಳನ್ನು ತಂದಿದೆ. ಅವು ದೊಡ್ಡವರ ಭಾಷೆಯಲ್ಲಿವೆ. ಹಾಗಾಗಿ ನೀವೇ ಓದಿ, ನಿಮ್ಮ ಮಾತಿನಲ್ಲಿ ಹೇಳಬೇಕು. ಇದಕ್ಕೆ ಪುರುಸೊತ್ತು ಬೇಕು. ಪುರುಸೊತ್ತಿಲ್ಲದವರು ಪಂಡಿತರನ್ನು ಎರಡನೆಯದಾಗಿ ಇಟ್ಟುಕೊಳ್ಳಲಿ, ತಪ್ಪಿಲ್ಲ.

ಇನ್ನೊಂದು ಲಾಭವಿದೆ. ಬೇರೆ ಯಾವ ಚಿತ್ರಕಾರನ ವಿಷಯದಲ್ಲೂ ಅದು ಸಿಗದು. ಪಂಡಿತರು ತೀರಿಕೊಂಡಿದ್ದು 1993ರಲ್ಲಿ. ಅವರನ್ನು ಕಂಡವರು, ಅವರ ಕಾಲದ ಸಿನಿಮಾ ಬೋರ್ಡುಗಳನ್ನು ನೋಡಿದವರು ಊರಿನಲ್ಲಿ ಇನ್ನೂ ಇದ್ದಾರೆ. ಹನ್ನೆರಡು ದಾಟಿದ ಮಕ್ಕಳಿಗೆ ಒಂದು ನೋಟ್‌ಬುಕ್ ಕೊಟ್ಟು, ಅಜ್ಜ ಅಜ್ಜಿಯರನ್ನು, ಪರಿಚಯದ ಡ್ರಾಯಿಂಗ್ ಮಾಸ್ತರರನ್ನು ಕೇಳಿ ಬರೆದುಕೊಂಡು ಬಾ ಎಂದು ಕಳಿಸಿ. ಮನೆಯ ಅಟ್ಟದ ಮೇಲೆ ಹಳೆಯ ಕ್ಯಾಲೆಂಡರ್ ಇದ್ದರೆ ಮೂಲೆಯಲ್ಲಿ ಸಹಿ ಹುಡುಕಲಿ. ಓದುವ ಮಗು ಅಲ್ಲಿಗೆ ಬರೆಯುವ ಮಗುವೂ ಆಗುತ್ತದೆ. ಎಂ.ಎಂ.ಕೆ. ಕಲಾ ಕಾಲೇಜಿನಂಥ ಕಡೆ ವಿದ್ಯಾರ್ಥಿಗಳ ಪ್ರದರ್ಶನ ಇದ್ದಾಗ ತಪ್ಪದೆ ಕರೆದುಕೊಂಡು ಹೋಗಿ. ಬಣ್ಣದ ವಾಸನೆ ಇರುವ ಕೋಣೆಯೊಂದನ್ನು ಮಗು ನೋಡಲಿ.

ವ್ಯಾನ್ ಗೋ: ಎಲ್ಲರೂ ಕೇಳುವ ಹೆಸರು, ಎಚ್ಚರದಿಂದ ಕೊಡಬೇಕಾದ ಬದುಕು

ಇಂಗ್ಲಿಷ್ ಮೀಡಿಯಂ ಮಕ್ಕಳ ಬಾಯಲ್ಲಿ ಮೊದಲು ಬರುವ ಹೆಸರು ಇದು. ಸುರುಳಿ ಸುರುಳಿ ಆಕಾಶದ ಆ ನಕ್ಷತ್ರದ ಚಿತ್ರ ಕಂಪಾಸು ಡಬ್ಬಿಯ ಮೇಲೂ ಇದೆ, ಟೀ ಶರ್ಟಿನ ಮೇಲೂ ಇದೆ. ಹಾಗಾಗಿ ಕುತೂಹಲ ಹುಟ್ಟಿಸುವ ಕೆಲಸ ಅರ್ಧ ಮುಗಿದಿರುತ್ತದೆ. ಮಕ್ಕಳಿಗಾಗಿ ಬರೆದ ಪುಸ್ತಕಗಳೂ ಇವನ ಬಗ್ಗೆ ಹೇರಳ. ಹೆಚ್ಚಿನವು ಇಂಗ್ಲಿಷಿನಲ್ಲಿವೆ, ಬೆಲೆಯೂ ಜಾಸ್ತಿ.

ಮಕ್ಕಳಿಗೆ ಇವನಲ್ಲಿ ನಾನು ಮೊದಲು ಹೇಳಬಯಸುವ ವಿಷಯ ಕಿವಿಯದ್ದೂ ಅಲ್ಲ, ಹುಚ್ಚಿನದ್ದೂ ಅಲ್ಲ. 1853ರಲ್ಲಿ ನೆದರ್ಲೆಂಡ್ಸಿನಲ್ಲಿ ಹುಟ್ಟಿದ ಇವನು ಚಿತ್ರಕಾರನಾಗುತ್ತೇನೆ ಎಂದು ತೀರ್ಮಾನಿಸಿದ್ದು ಇಪ್ಪತ್ತೇಳರ ವಯಸ್ಸಿನಲ್ಲಿ. ಅದಕ್ಕೆ ಮೊದಲು ಚಿತ್ರ ಮಾರುವ ಅಂಗಡಿಯಲ್ಲಿದ್ದ, ಶಾಲೆಯಲ್ಲಿ ಕಲಿಸಿದ, ಗಣಿ ಕೆಲಸಗಾರರ ನಡುವೆ ಧರ್ಮಬೋಧನೆ ಮಾಡಿದ. ಯಾವುದೂ ನಿಲ್ಲಲಿಲ್ಲ. ಆಮೇಲೆ ಸಿಕ್ಕಿದ್ದು ಹತ್ತೇ ವರ್ಷ. ಆ ಹತ್ತು ವರ್ಷದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಚಿತ್ರ, ರೇಖಾಚಿತ್ರ ಮಾಡಿದ. ಎಸ್ಸೆಸ್ಸೆಲ್ಸಿಯಲ್ಲಿ ಅಂಕ ಕಡಿಮೆ ಬಂದು ಎಲ್ಲ ಮುಗಿಯಿತು ಅಂದುಕೊಂಡ ಹುಡುಗನಿಗೆ ಇದನ್ನು ಓದಲು ಕೊಡಬೇಕು.

ಎರಡನೆಯದು ತಮ್ಮ ಥಿಯೋ. ಅಣ್ಣನಿಗೆ ತಿಂಗಳು ತಿಂಗಳು ಹಣ ಕಳಿಸಿದ, ಬಣ್ಣ ಕಳಿಸಿದ. ಅಣ್ಣ ಅವನಿಗೆ ಆರುನೂರಕ್ಕೂ ಹೆಚ್ಚು ಪತ್ರ ಬರೆದ. ಆ ಪತ್ರಗಳ ಮಧ್ಯೆ ತಾನು ಮಾಡುತ್ತಿರುವ ಚಿತ್ರದ ಪುಟ್ಟ ರೇಖಾಚಿತ್ರಗಳೂ ಇವೆ. ಅವೆಲ್ಲ ಇವತ್ತು ಅಂತರ್ಜಾಲದಲ್ಲಿ ಪುಕ್ಕಟೆ ಓದಲು ಸಿಗುತ್ತವೆ. ಅಣ್ಣ ತೀರಿಕೊಂಡು ಆರು ತಿಂಗಳಲ್ಲಿ ತಮ್ಮನೂ ಹೋದ. ಚಿತ್ರಗಳನ್ನೂ ಪತ್ರಗಳನ್ನೂ ಕಾಪಾಡಿ ಜಗತ್ತಿಗೆ ತೋರಿಸಿದ್ದು ಥಿಯೋನ ಹೆಂಡತಿ ಯೋಹಾನಾ. ಈ ಹೆಣ್ಣುಮಗಳ ಹೆಸರೇ ಬಾರದ ಪುಸ್ತಕವನ್ನು ಕೊಳ್ಳಬೇಡಿ ಎಂದೇ ಹೇಳುತ್ತೇನೆ.

ನಮ್ಮ ಭಾಗದ ಮಕ್ಕಳಿಗೆ ಇವನ ಚಿತ್ರ ಪರಕೀಯ ಅನ್ನಿಸುವುದಿಲ್ಲ. ಸೂರ್ಯಕಾಂತಿಯ ಹೊಲ ಇಲ್ಲಿಯ ಮಕ್ಕಳು ಕಂಡದ್ದೇ. ಬಿತ್ತನೆ ಮಾಡುವ ರೈತನನ್ನು ಮತ್ತೆ ಮತ್ತೆ ಬರೆದಿದ್ದಾನೆ. 1885ರ ಒಂದು ಚಿತ್ರದಲ್ಲಿ ದೀಪದ ಮಂದ ಬೆಳಕಿನಲ್ಲಿ ಒಂದು ಬಡ ಕುಟುಂಬ ಬೇಯಿಸಿದ ಆಲೂಗಡ್ಡೆ ತಿನ್ನುತ್ತಾ ಕೂತಿದೆ. ಅವರ ಕೈಗಳನ್ನು ನೋಡಿ. ಮಣ್ಣಿನಲ್ಲಿ ಅಗೆದ ಕೈಯಿಂದಲೇ ಊಟ ಮಾಡುತ್ತಿದ್ದಾರೆ ಎಂದು ಕಾಣಬೇಕೆಂದು ಅವನೇ ಪತ್ರದಲ್ಲಿ ಬರೆದಿದ್ದಾನೆ. ತೊಗರಿ ಹೊಲದಲ್ಲಿ ದುಡಿದು ಬಂದು ರೊಟ್ಟಿ ಮುರಿಯುವ ಕೈಗಳನ್ನು ಬರೆಯಲು ಮಗುವಿಗೆ ಇದಕ್ಕಿಂತ ಬೇರೆ ಪ್ರೇರಣೆ ಬೇಡ.

ಇನ್ನು ಭಾರದ ಮಾತು. 1888ರ ಡಿಸೆಂಬರಿನಲ್ಲಿ ಗೆಳೆಯ ಗೋಗ್ಯಾನ್ ಜೊತೆ ಜಗಳವಾದ ರಾತ್ರಿ ತನ್ನ ಕಿವಿಯನ್ನು ಕತ್ತರಿಸಿಕೊಂಡ. ಮುಂದಿನ ವರ್ಷ ಮಾನಸಿಕ ಆಸ್ಪತ್ರೆ ಸೇರಿದ. ನಕ್ಷತ್ರದ ಆ ಚಿತ್ರ 1889ರ ಜೂನಿನಲ್ಲಿ ಅಲ್ಲಿದ್ದಾಗಲೇ ಬರೆದದ್ದು. 1890ರ ಜುಲೈನಲ್ಲಿ, ಮೂವತ್ತೇಳರ ವಯಸ್ಸಿನಲ್ಲಿ, ಗುಂಡೇಟಿನಿಂದ ಸತ್ತ. ತಾನೇ ಹೊಡೆದುಕೊಂಡ ಎಂದೇ ಹೆಚ್ಚಿನವರು ಒಪ್ಪುತ್ತಾರೆ. ಹತ್ತರ ಒಳಗಿನ ಮಕ್ಕಳಿಗೆ "ಮನಸ್ಸಿಗೆ ಕಾಯಿಲೆ ಬಂದಿತ್ತು, ಆಸ್ಪತ್ರೆಯಲ್ಲಿದ್ದ, ಚಿಕ್ಕ ವಯಸ್ಸಿಗೆ ತೀರಿಕೊಂಡ" ಎಂದರೆ ಸಾಕು. ಅದು ಸುಳ್ಳೂ ಅಲ್ಲ. ಹದಿಮೂರು ದಾಟಿದವರಿಗೆ ಪೂರ್ತಿ ಹೇಳಿ, ಆದರೆ ಪುಸ್ತಕ ಕೊಟ್ಟು ಎದ್ದು ಹೋಗಬೇಡಿ. ಜೊತೆಗೆ ಕೂತು ಮಾತಾಡಿ. ಮನಸ್ಸಿನ ಕಾಯಿಲೆಗೂ ಡಾಕ್ಟರಿದ್ದಾರೆ, ನೋವಿದ್ದರೆ ಹೇಳಿಕೊಳ್ಳಬಹುದು ಎಂಬ ಮಾತು ಮನೆಯಲ್ಲಿ ಸಹಜವಾಗಿ ಬರಲು ಇದೂ ಒಂದು ದಾರಿ. ಕಾಯಿಲೆಯಿಂದಲೇ ಅವನು ದೊಡ್ಡ ಚಿತ್ರಕಾರನಾದ ಎಂದು ಹೊಗಳುವ ಪುಸ್ತಕ ಮಾತ್ರ ಬೇಡವೇ ಬೇಡ. ಕಾಯಿಲೆ ಜೋರಾದಾಗ ಅವನಿಗೆ ಕೆಲಸ ಮಾಡಲು ಆಗುತ್ತಿರಲಿಲ್ಲ. ಸ್ವಲ್ಪ ಚೇತರಿಸಿಕೊಂಡಾಗ ಕುಂಚ ಹಿಡಿಯುತ್ತಿದ್ದ.

ನಂದಲಾಲ್ ಬೋಸ್: ಶಾಲೆಗೆ, ಗುಂಪಿಗೆ

ಮನೆಯ ಒಂದು ಮಗುವಿಗಲ್ಲ, ತರಗತಿಯ ನಲವತ್ತು ಮಕ್ಕಳಿಗೆ ಆರಿಸುತ್ತಿದ್ದೀರಿ ಎಂದಾದರೆ ನನ್ನ ಆಯ್ಕೆ ನಂದಲಾಲ್ ಬೋಸ್. ಕಾರಣ ಸರಳ. ಇತಿಹಾಸದ ಪಾಠಕ್ಕೆ ನೇರ ಕೂಡಿಕೊಳ್ಳುತ್ತದೆ. ಕೋಲು ಹಿಡಿದು ನಡೆಯುವ ಗಾಂಧೀಜಿಯ ಕಪ್ಪು ಬಿಳುಪು ಚಿತ್ರ ಪಠ್ಯಪುಸ್ತಕಗಳಲ್ಲಿ ಕಂಡಿರುತ್ತೀರಿ. ದಂಡಿ ಸತ್ಯಾಗ್ರಹದ ವರ್ಷ, 1930ರಲ್ಲಿ, ಲಿನೋಲಿಯಂ ಎಂಬ ಮೆತ್ತನೆಯ ನೆಲಹಾಸಿನ ಹಾಳೆ ಕೆತ್ತಿ ಅದನ್ನು ಅಚ್ಚು ಹಾಕಿದ್ದು ಅವರೇ. ನಮ್ಮ ಸಂವಿಧಾನದ ಮೂಲಪ್ರತಿಯ ಪುಟಗಳನ್ನು ಸಿಂಗರಿಸಿದ್ದೂ ಅವರು ಮತ್ತು ಶಾಂತಿನಿಕೇತನದ ಅವರ ಶಿಷ್ಯರು. ಮೊಹೆಂಜೊದಾರೋದ ಮುದ್ರೆಯಿಂದ ಹಿಡಿದು ಟಿಪ್ಪು ಸುಲ್ತಾನ್, ಝಾನ್ಸಿ ರಾಣಿಯವರೆಗೆ ಅಲ್ಲಿ ಚಿತ್ರಗಳಿವೆ. ಆ ಪ್ರತಿಯ ಪುಟಗಳನ್ನು ಅಂತರ್ಜಾಲದಲ್ಲಿ ನೋಡಬಹುದು. ನವೆಂಬರ್ 26ರ ಸಂವಿಧಾನ ದಿನಕ್ಕೆ ಪೀಠಿಕೆ ಓದಿಸುವ ಶಾಲೆಗಳು ಈ ಚಿತ್ರಗಳನ್ನೂ ತೋರಿಸಿದರೆ ಎಷ್ಟು ಚೆನ್ನ!

ಕೈಕೆಲಸಕ್ಕಂತೂ ಇವರೇ ಮೊದಲು. 1938ರಲ್ಲಿ ಗುಜರಾತಿನ ಹರಿಪುರದಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಗಾಂಧೀಜಿ ಕೇಳಿದ್ದಕ್ಕೆ ಬೋಸರು ದೊಡ್ಡ ಚಿತ್ರಫಲಕಗಳ ಸಾಲನ್ನೇ ಮಾಡಿಕೊಟ್ಟರು. ಅವುಗಳಲ್ಲಿ ಇರುವವರು ಡೋಲು ಬಾರಿಸುವವರು, ಬಡಗಿ, ಬೀಸುವ ಹೆಂಗಸು, ಹೊಲದವರು. ಮಣ್ಣಿನ ಬಣ್ಣ, ದಪ್ಪ ಗೆರೆ. ಇದನ್ನು ನಮ್ಮ ಶಾಲೆಯ ಅಂಗಳದಲ್ಲೇ ಮಾಡಬಹುದು. ಕಲಬುರಗಿಯ ಕರಿಮಣ್ಣು, ಬೀದರಿನ ಕೆಂಪುಮಣ್ಣು, ಅರಿಶಿನ, ಇದ್ದಿಲು, ಸುಣ್ಣದ ಪುಡಿ. ನುಣ್ಣಗೆ ಜರಡಿ ಹಿಡಿದು, ಗೋಂದಿನ ನೀರಲ್ಲಿ ಕಲಸಿದರೆ ಬಣ್ಣ ತಯಾರು. ಸುಣ್ಣ ಕಲಸುವ ಕೆಲಸ ದೊಡ್ಡವರೇ ಮಾಡಲಿ, ಕೈ ಸುಡುತ್ತದೆ. ಮಕ್ಕಳು ರೊಟ್ಟಿ ಬಡಿಯುವವರನ್ನು, ಬಿದರಿ ಕೆಲಸದವರನ್ನು, ಹಲಗೆ ಬಾರಿಸುವವರನ್ನು ಬರೆಯಲಿ. ಖರ್ಚು ಹೆಚ್ಚುಕಡಿಮೆ ಕಾಗದದ್ದು ಮಾತ್ರ.

ಕೊರತೆ? ಬದುಕಿನ ಕಥೆಯಲ್ಲಿ ಏರಿಳಿತ ಕಡಿಮೆ. ಒಳ್ಳೆಯ ಗುರು ಅವನೀಂದ್ರನಾಥ ಠಾಕೂರರು ಸಿಕ್ಕರು, ತಾವೂ ಒಳ್ಳೆಯ ಗುರುಗಳಾದರು. ಒಬ್ಬಂಟಿಯಾಗಿ ಓದುವ ಮಗುವಿಗೆ ಇದು ಸಪ್ಪೆ ಅನ್ನಿಸಬಹುದು.

ಅಮೃತಾ ಶೇರ್‌ಗಿಲ್: ಚಿತ್ರಕಾರರೆಂದರೆ ಗಂಡಸರೇನಾ ಎಂದು ಕೇಳುವ ಹುಡುಗಿಗೆ

ಮೇಲಿನ ನಾಲ್ಕೂ ಗಂಡಸರು. ಹುಡುಗಿಯರು ಇದನ್ನು ಗಮನಿಸುತ್ತಾರೆ, ನಾವು ಗಮನಿಸದಿದ್ದರೂ. ಅಮೃತಾ ಹುಟ್ಟಿದ್ದು 1913ರಲ್ಲಿ ಬುಡಾಪೆಸ್ಟಿನಲ್ಲಿ. ತಾಯಿ ಹಂಗೇರಿಯವರು, ತಂದೆ ಪಂಜಾಬಿನವರು. ಹದಿಹರೆಯದಲ್ಲೇ ಪ್ಯಾರಿಸಿಗೆ ಹೋಗಿ ಕಲಿತು, ಇಪ್ಪತ್ತರ ವಯಸ್ಸಿಗೆ ಅಲ್ಲಿ ಚಿನ್ನದ ಪದಕ ಪಡೆದರು. ಆದರೂ ತನ್ನ ಕೆಲಸ ಇರುವುದು ಭಾರತದಲ್ಲೇ ಎಂದು ವಾಪಸ್ ಬಂದರು. ಅಜಂತಾ ನೋಡಿದರು, ದಕ್ಷಿಣ ಸುತ್ತಿದರು. ಸಂತೆಗೆ ಹೊರಟ ಹಳ್ಳಿಗರು, ಮದುವಣಗಿತ್ತಿಯ ಸಿಂಗಾರ, ಜನಿವಾರದ ಬ್ರಹ್ಮಚಾರಿಗಳು ಈ ಮೂರೂ 1937ರವು. ನೋಡಿದರೆ ನಮ್ಮ ಸಂತೆಯ ಜನವೇ. ಇಪ್ಪತ್ತೆಂಟಕ್ಕೆ ಲಾಹೋರಿನಲ್ಲಿ ಕಾಯಿಲೆಯಿಂದ ತೀರಿಕೊಂಡರು.

ಹನ್ನೆರಡರ ಮೇಲಿನವರಿಗೆ ಇದು ಒಳ್ಳೆಯದು. ದೊಡ್ಡವರಿಗಾಗಿ ಮಾಡಿದ ಚಿತ್ರಸಂಪುಟಗಳಲ್ಲಿ ಬೆತ್ತಲೆ ಚಿತ್ರಗಳೂ ಇರುತ್ತವೆ. ಅದು ಕಲೆಯ ಶಾಲೆಗಳಲ್ಲಿ ಮಾಮೂಲು ಅಭ್ಯಾಸ ಎಂದು ವಿವರಿಸಲು ನಿಮಗೆ ಮುಜುಗರವಿಲ್ಲ ಎಂದಾದರೆ ಸರಿ. ಇಲ್ಲವಾದರೆ ಮಕ್ಕಳಿಗೆಂದೇ ಮಾಡಿದ ಪುಸ್ತಕ ನೋಡಿ ತನ್ನಿ. ಮೂಲ ಚಿತ್ರಗಳಲ್ಲಿ ಹೆಚ್ಚಿನವು ದಿಲ್ಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿವೆ, ಅಂದರೆ ನಮಗೆ ಪರದೆಯೇ ಗತಿ.

ಇನ್ನೂ ಇಬ್ಬರು

ಕನ್ನಡನಾಡಿನವರೇ ಬೇಕು, ಗೆರೆಯ ಮೇಲೆ ಆಸೆ ಇರುವ ಮಗು ಎಂದರೆ ಉಡುಪಿ ಹತ್ತಿರದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು. ಅವರ ನೃತ್ಯದ ರೇಖಾಚಿತ್ರ ತೋರಿಸಿ, ಪೆನ್ನು ಎತ್ತದೆ ಒಂದೇ ಗೆರೆಯಲ್ಲಿ ಬರೆಯಲು ಹೇಳಿ. ಮಕ್ಕಳು ನಗುತ್ತಾ ಬರೆಯುತ್ತಾರೆ. ವಿಜ್ಞಾನದ ಹುಚ್ಚು ಜಾಸ್ತಿ ಇದ್ದರೆ ಲಿಯೊನಾರ್ದೊ ದ ವಿಂಚಿ. ಮುಗಿಸಿದ ಚಿತ್ರಗಳು ಇಪ್ಪತ್ತೂ ಇಲ್ಲ, ಆದರೆ ನೋಟ್‌ಬುಕ್ಕಿನ ಪುಟಗಳು ಸಾವಿರಾರು. ಅವನು ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಕಾಣುವಂತೆ ಬರೆಯುತ್ತಿದ್ದ ಎಂದರೆ, ಉರ್ದು ಬೋರ್ಡು ಓದಲು ಬರುವ ನಮ್ಮ ಮಕ್ಕಳು ತಕ್ಷಣ ಪ್ರಯತ್ನಿಸುತ್ತಾರೆ.

ಪುಸ್ತಕ ಯಾವ ಬಗೆಯದು, ಎಷ್ಟು ಖರ್ಚು

ಅಂಗಡಿಯಲ್ಲಿ ಪುಸ್ತಕ ಕೈಗೆ ಬಂದಾಗ ಮೂರು ಪುಟ ತಿರುವಿ ನೋಡಿ. ಚಿತ್ರಕಾರನದೇ ಚಿತ್ರಗಳು ಇವೆಯೋ, ಬೇರೆಯವರು ಬರೆದ ಕಾರ್ಟೂನ್ ಮಾತ್ರ ಇದೆಯೋ? ಚಿತ್ರದ ಕೆಳಗೆ ಹೆಸರು, ಇಸವಿ, ಎಷ್ಟು ದೊಡ್ಡದು, ಎಲ್ಲಿದೆ ಎಂದು ಬರೆದಿದೆಯೋ? ನಕ್ಷತ್ರದ ಆ ಚಿತ್ರ ಸುಮಾರು 74 ಸೆಂಟಿಮೀಟರ್ ಎತ್ತರ, 92 ಅಗಲ ಎಂದು ತಿಳಿದರೆ ಮಗು ಟೇಪು ತಂದು ಗೋಡೆಯ ಮೇಲೆ ಅಳೆಯುತ್ತದೆ. ಇನ್ನೊಂದು ಪರೀಕ್ಷೆ. ವ್ಯಾನ್ ಗೋ ಬದುಕಿದ್ದಾಗ ಒಂದೇ ಒಂದು ಚಿತ್ರ ಮಾರಾಟವಾಯಿತು ಎಂದು ಢಣಾಢಣ ಬರೆದಿದ್ದರೆ ಸ್ವಲ್ಪ ಅನುಮಾನಿಸಿ. ಬ್ರಸೆಲ್ಸಿನಲ್ಲಿ 400 ಫ್ರಾಂಕಿಗೆ ಮಾರಾಟವಾದ ಕೆಂಪು ದ್ರಾಕ್ಷಿತೋಟದ ಚಿತ್ರ ಹೆಸರುವಾಸಿ. ಆದರೆ ಅದಕ್ಕೂ ಮೊದಲು ಚಿಕ್ಕಪ್ಪನೊಬ್ಬ ಹಣ ಕೊಟ್ಟು ಅವನಿಂದ ರೇಖಾಚಿತ್ರಗಳನ್ನು ಮಾಡಿಸಿಕೊಂಡಿದ್ದ.

ಖರ್ಚು ಮಾಡಲು ಆಗುವುದಿಲ್ಲ ಅನ್ನುವವರಿಗೂ ದಾರಿ ಇದೆ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಕನ್ನಡದ ಮಕ್ಕಳ ಪುಸ್ತಕಗಳನ್ನು ಪುಕ್ಕಟೆ ಓದಬಹುದು. ಗೂಗಲ್‌ನ ಕಲೆ ಮತ್ತು ಸಂಸ್ಕೃತಿ ತಾಣದಲ್ಲಿ ಚಿತ್ರಗಳನ್ನು ಕುಂಚದ ಗೆರೆ ಕಾಣುವಷ್ಟು ದೊಡ್ಡದಾಗಿಸಿ ನೋಡಬಹುದು. ಮೊಬೈಲಿನಲ್ಲಿ ಬೇಡ, ಟಿವಿಗೆ ಜೋಡಿಸಿ. ಹತ್ತಿರದ ಸಾರ್ವಜನಿಕ ಗ್ರಂಥಾಲಯದ ಮಕ್ಕಳ ವಿಭಾಗದಲ್ಲಿ ಒಮ್ಮೆ ಕೇಳಿ. ಪಂಡಿತ್ ಅಥವಾ ರವಿವರ್ಮನನ್ನು ಆರಿಸಿಕೊಂಡರೆ ಮನೆಯ ಕ್ಯಾಲೆಂಡರೇ ಮ್ಯೂಸಿಯಂ.

ಕೆಲವು ನೂರು ರೂಪಾಯಿ ಇದೆ ಎಂದಾದರೆ ನನ್ನ ಸಲಹೆ, ದೊಡ್ಡ ಪುಸ್ತಕ ಒಂದನ್ನು ಕೊಳ್ಳುವ ಬದಲು ನ್ಯಾಷನಲ್ ಬುಕ್ ಟ್ರಸ್ಟ್, ನವಕರ್ನಾಟಕದಂಥವರ ಕಡಿಮೆ ಬೆಲೆಯ ಪುಸ್ತಕ ಒಂದು ತನ್ನಿ. ಉಳಿದ ಹಣದಲ್ಲಿ ಝೆರಾಕ್ಸ್ ಅಂಗಡಿಯಲ್ಲಿ ನಾಲ್ಕೈದು ಕಲರ್ ಪ್ರಿಂಟ್ ತೆಗೆಸಿ, ಒಂದು ಡಬ್ಬಿ ಜಲವರ್ಣ ತನ್ನಿ. ಪ್ರಿಂಟ್‌ಗಳನ್ನು ಮಗು ಮಲಗುವ ಕಡೆ ಗೋಡೆಗೆ ಅಂಟಿಸಿ, ವಾರಕ್ಕೊಮ್ಮೆ ಬದಲಿಸಿ.

ಜಾಸ್ತಿ ಖರ್ಚು ಮಾಡಬಲ್ಲವರು ದೊಡ್ಡ ಇಂಗ್ಲಿಷ್ ಚಿತ್ರಸಂಪುಟ ತರಬಹುದು. ಮಗುವಿಗೆ ಓದಲು ಬಾರದಿದ್ದರೂ ಚಿತ್ರ ಅದರದು, ಮಾತು ನಿಮ್ಮದು. ಆದರೂ ಅಷ್ಟೇ ಹಣದಲ್ಲಿ ಸಾಲಾರ್ ಜಂಗ್‌ಗೆ ಹೋಗಿಬರುವುದು ಮೇಲು ಎಂದು ನನ್ನ ಅನಿಸಿಕೆ. ಬೀದರಿನವರಿಗೆ ಹೈದರಾಬಾದ್ ಸುಮಾರು 140 ಕಿಲೋಮೀಟರ್. ಕಲಬುರಗಿ, ಯಾದಗಿರಿಯವರಿಗೆ ನೇರ ರೈಲಿದೆ. ಹೋಗುವ ವಾರ ಮೊದಲು ರವಿವರ್ಮನ ಪುಸ್ತಕ ಓದಿ ಮುಗಿಸಿರಲಿ. ಅಷ್ಟು ದೂರ ಆಗದಿದ್ದರೆ ಬೀದರ್ ಹತ್ತಿರದ ಅಷ್ಟೂರಿಗೆ ಹೋಗಿ, ಅಹ್ಮದ್ ಷಾ ವಲಿಯ ಗುಮ್ಮಟದ ಒಳಗೋಡೆಯ ಬಣ್ಣದ ಚಿತ್ತಾರ ನೋಡಿ. ಹದಿನೈದನೇ ಶತಮಾನದ್ದು. ಟಾರ್ಚ್ ತೆಗೆದುಕೊಂಡು ಹೋಗಿ, ಒಳಗೆ ಕತ್ತಲು.

ಮನೆಯಲ್ಲಿ ಬೇರೆ ಬೇರೆ ವಯಸ್ಸಿನ ಇಬ್ಬರು ಮಕ್ಕಳಿದ್ದರೆ ರವಿವರ್ಮ ಮತ್ತು ಪಂಡಿತರನ್ನು ಜೋಡಿಯಾಗಿ ತೆಗೆದುಕೊಳ್ಳಿ. ಚಿಕ್ಕದು ರವಿವರ್ಮನ ಕಥೆ ಕೇಳಲಿ, ದೊಡ್ಡದು ಪಂಡಿತರ ಬಗ್ಗೆ ಕೇಳಿ ಬರೆದು ತರಲಿ. ಹದಿಮೂರು ದಾಟಿದ, ಒಳಗೊಳಗೇ ಯೋಚಿಸುವ ಮಗುವಿಗೆ ವ್ಯಾನ್ ಗೋ ಅಥವಾ ಅಮೃತಾ, ಜೊತೆಗೆ ನಿಮ್ಮ ಸಮಯ. ತರಗತಿಗೆ ನಂದಲಾಲ್ ಬೋಸ್. ಯಾವುದನ್ನೇ ಆರಿಸಿ, ಪುಸ್ತಕ ಕೊಳ್ಳುವ ಮೊದಲು ಆ ಚಿತ್ರಕಾರನ ಮೂರು ಚಿತ್ರಗಳನ್ನು ಏನೂ ಹೇಳದೆ ಮಗುವಿನ ಮುಂದಿಡಿ. ಅದು ಯಾವುದನ್ನು ಎರಡನೇ ಸಲ ಎತ್ತಿಕೊಳ್ಳುತ್ತದೋ ನೋಡಿಕೊಂಡು ಅಂಗಡಿಗೆ ಹೋಗಿ.